ಟಿ ಕೋಶದ ಕೋಸ್ಟಿಮ್ಯುಲೇಟರಿ ರಿಸೆಪ್ಟರ್ ಹುಡುಕುವ ಆಂಟಿಬಾಡಿ: ಆಯ್ಕೆಯಿಂದ ಫಲಿತಾಂಶದವರೆಗೆ ಒಂದು ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದಲ್ಲಿ ಕ್ಯಾನ್ಸರ್ ಇಮ್ಯುನಾಲಜಿ ಮೇಲೆ ಪಿಎಚ್‌ಡಿ ಅಥವಾ ಎಂಡಿ ಥೀಸಿಸ್ ಶುರು ಮಾಡುವವರು ಮೊದಲು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ಯಾವ ಆಂಟಿಬಾಡಿ ತರಿಸಬೇಕು?" ಆಂಟಿಬಾಡಿ ಎಂದರೆ ಕೋಶದ ಮೇಲಿನ ಒಂದು ರಿಸೆಪ್ಟರ್‌ಗೆ (ಸಂಕೇತ ಹಿಡಿಯುವ ಪ್ರೋಟೀನಿಗೆ) ಹೋಗಿ ಅಂಟುವ ಪ್ರೋಟೀನು. ಅದಕ್ಕೆ ಹೊಳೆಯುವ ಬಣ್ಣ ಜೋಡಿಸಿ ಕೋಶಗಳಿಗೆ ಹಾಕುವುದೇ ಸ್ಟೇನ್ ಮಾಡುವುದು. ಆಮೇಲೆ ಫ್ಲೋ ಸೈಟೋಮೀಟರ್ ಎಂಬ ಲೇಸರ್ ಯಂತ್ರದಲ್ಲಿ ಒಂದೊಂದು ಕೋಶದ ಹೊಳಪನ್ನೂ ಅಳೆಯುತ್ತೇವೆ. ಕ್ಯಾಟಲಾಗ್ ತೆರೆದರೆ 4-1ಬಿಬಿ ಎಂಬ ರಿಸೆಪ್ಟರ್ ಒಂದಕ್ಕೇ ಹತ್ತಾರು ಬಾಟಲಿಗಳು ಕಾಣುತ್ತವೆ. ಬೆಲೆ ನೋಡಿ, ಬಣ್ಣ ನೋಡಿ ಒಂದನ್ನು ಆರಿಸುತ್ತಾರೆ. ಬರಲು ವಾರಗಟ್ಟಲೆ ಆಗುತ್ತದೆ. ಬಂದ ಮೇಲೆ ಸ್ಟೇನ್ ಮಾಡಿದರೆ ಸಿಗ್ನಲ್ಲೇ ಇರುವುದಿಲ್ಲ. ಆಗ ಥೀಸಿಸ್‌ನಲ್ಲಿ ಒಂದು ಸಾಲು ಸೇರುತ್ತದೆ: "ನಮ್ಮ ರೋಗಿಗಳ ಟಿ ಕೋಶಗಳಲ್ಲಿ ಈ ರಿಸೆಪ್ಟರ್ ಕಂಡುಬರಲಿಲ್ಲ."

ನನಗೆ ಭಯ ಇರುವುದು ಈ ಸಾಲಿನ ಬಗ್ಗೆಯೇ. ರಿಸೆಪ್ಟರ್ ಕಾಣದಿರಲು ಕಾರಣ ಹಲವು. ನೋಡಿದ ಗಂಟೆ ತಪ್ಪಿರಬಹುದು. ಆಂಟಿಬಾಡಿ ಕೂರಬೇಕಾದ ಜಾಗದಲ್ಲಿ ಆಗಲೇ ಇನ್ನೊಂದು ಕೂತಿರಬಹುದು. ಮಂದ ಸಿಗ್ನಲ್‌ಗೆ ಮಂದ ಬಣ್ಣ ಕೊಟ್ಟಿರಬಹುದು. ಕೋಶ ಬಿಡಿಸಲು ಹಾಕಿದ ಎಂಜೈಮ್ ರಿಸೆಪ್ಟರ್‌ನ ತುದಿಯನ್ನೇ ಕತ್ತರಿಸಿರಬಹುದು. ಇವೆಲ್ಲ ಸರಿಯಿದ್ದೂ ಕಾಣದಿದ್ದರೆ ಮಾತ್ರ "ಇಲ್ಲ" ಎನ್ನಬಹುದು. ಅದಕ್ಕೇ ಕೆಳಗಿನ ಕ್ರಮದಲ್ಲಿ ಆರ್ಡರ್ ಮಾಡುವ ಕೆಲಸ ತಡವಾಗಿ ಬರುತ್ತದೆ.

ಹಂತ 1: ಯಾವ ರಿಸೆಪ್ಟರ್, ಯಾವ ಗಂಟೆಯಲ್ಲಿ

ಟಿ ಕೋಶ (ರೋಗದ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕೋಶ) ಟಿಸಿಆರ್ ಎಂಬ ತನ್ನ ಮುಖ್ಯ ರಿಸೆಪ್ಟರ್‌ನಿಂದ ಆಂಟಿಜನ್ ಅನ್ನು, ಅಂದರೆ ತನ್ನ ಗುರಿಯನ್ನು, ಗುರುತಿಸಿದರೆ ಅಷ್ಟಕ್ಕೇ ಕೆಲಸ ಶುರುವಾಗುವುದಿಲ್ಲ. ಎರಡನೇ ಸಂಕೇತ ಬೇಕು. ಅದನ್ನು ಕೊಡುವವೇ ಕೋಸ್ಟಿಮ್ಯುಲೇಟರಿ ರಿಸೆಪ್ಟರ್‌ಗಳು. ಇವುಗಳಲ್ಲಿ ಎರಡು ಮನೆತನ. ಸಿಡಿ28 ಮತ್ತು ಐಕಾಸ್ ಒಂದು ಕಡೆ. ಟಿಎನ್‌ಎಫ್ ರಿಸೆಪ್ಟರ್ ಕುಟುಂಬದ 4-1ಬಿಬಿ, ಓಎಕ್ಸ್40, ಜಿಐಟಿಆರ್, ಸಿಡಿ27 ಇನ್ನೊಂದು ಕಡೆ. ಕ್ಯಾಟಲಾಗ್‌ನಲ್ಲಿ 4-1ಬಿಬಿಯನ್ನು ಸಿಡಿ137 ಎಂದು, ಓಎಕ್ಸ್40ಯನ್ನು ಸಿಡಿ134 ಎಂದು, ಐಕಾಸ್ ಅನ್ನು ಸಿಡಿ278 ಎಂದು, ಜಿಐಟಿಆರ್ ಅನ್ನು ಸಿಡಿ357 ಎಂದು ಬರೆದಿರುತ್ತಾರೆ. ಎರಡೂ ಹೆಸರಿನಲ್ಲಿ ಹುಡುಕಿ.

ಮನೆತನಕ್ಕಿಂತ ಮುಖ್ಯವಾದದ್ದು ಸಮಯ. ಸಿಡಿ28 ಮತ್ತು ಸಿಡಿ27 ವಿಶ್ರಾಂತಿಯಲ್ಲಿರುವ ಟಿ ಕೋಶದ ಮೇಲೂ ಇರುತ್ತವೆ. ರಕ್ತ ತೆಗೆದ ದಿನವೇ ನೋಡಬಹುದು. ಇವುಗಳಲ್ಲಿ ಆಸಕ್ತಿಯ ವಿಷಯ ಎಂದರೆ ಕಳೆದುಹೋಗುವುದು. ವಯಸ್ಸಾದಂತೆ, ಸೈಟೋಮೆಗಾಲೋವೈರಸ್ ಸೋಂಕು ಇದ್ದವರಲ್ಲಿ, ಪದೇ ಪದೇ ಉತ್ತೇಜನಗೊಂಡ ಸಿಡಿ8 ಕೋಶಗಳು (ಕೊಲ್ಲುವ ಬಗೆಯ ಟಿ ಕೋಶಗಳು) ಸಿಡಿ28 ಅನ್ನು ಕಳೆದುಕೊಳ್ಳುತ್ತವೆ. ಪಳಗಿದ ಎಫೆಕ್ಟರ್ ಕೋಶಗಳಲ್ಲಿ, ಅಂದರೆ ಹೋರಾಟಕ್ಕೆ ಇಳಿದ ಕೋಶಗಳಲ್ಲಿ, ಸಿಡಿ27 ಕೂಡ ಇಲ್ಲವಾಗುತ್ತದೆ. ಹಾಗಾಗಿ 65 ವರ್ಷದ ರೋಗಿಗೆ 25 ವರ್ಷದ ಪಿಜಿ ವಿದ್ಯಾರ್ಥಿಯ ರಕ್ತವನ್ನು ಕಂಟ್ರೋಲ್ ಮಾಡಿದರೆ ನೀವು ಅಳೆಯುವುದು ಕ್ಯಾನ್ಸರ್ ಅಲ್ಲ, ವಯಸ್ಸು.

4-1ಬಿಬಿ ಹಾಗಲ್ಲ. ಸುಮ್ನೆ ಇರುವ ಟಿ ಕೋಶದಲ್ಲಿ ಅದು ಬಹುತೇಕ ಕಾಣುವುದೇ ಇಲ್ಲ. ಉತ್ತೇಜಿಸಿದ ಮೇಲೆ ಸಾಮಾನ್ಯವಾಗಿ 24 ರಿಂದ 48 ಗಂಟೆಯ ನಡುವೆ ಚೆನ್ನಾಗಿ ಏರುತ್ತದೆ. ಸಿಡಿ8 ಕೋಶಗಳಲ್ಲಿ ಇದು ಹೆಚ್ಚು ಎದ್ದು ಕಾಣುತ್ತದೆ. ಓಎಕ್ಸ್40 ಹೆಚ್ಚಾಗಿ ಸಿಡಿ4 ಕೋಶಗಳದ್ದು, ಅಂದರೆ ನೆರವಿನ ಬಗೆಯ ಟಿ ಕೋಶಗಳದ್ದು. ಅದು ಸ್ವಲ್ಪ ನಿಧಾನ, 48 ಗಂಟೆಯ ಸುಮಾರಿಗೆ ನೋಡಿ. ಐಕಾಸ್ ಮತ್ತು ಜಿಐಟಿಆರ್ ಕೂಡ ಉತ್ತೇಜನದ ನಂತರ ಏರುವಂಥವು. ಟಿ ಕೋಶದ ಇನ್ನೊಂದು ಅಣುವಾದ ಸಿಡಿ40ಎಲ್ ನೋಡುವವರಿಗೆ ಗಡಿಬಿಡಿ ಜಾಸ್ತಿ, ಅದು ಕೆಲವೇ ಗಂಟೆಗಳಲ್ಲಿ ಬಂದು ಒಳಗೆ ಸೇರಿಬಿಡುತ್ತದೆ.

ಗಡ್ಡೆಯೊಳಗಿನ ಕೋಶಗಳಾದರೆ ಇನ್ನೊಂದು ಎಚ್ಚರಿಕೆ. ಅಲ್ಲಿನ ರೆಗ್ಯುಲೇಟರಿ ಟಿ ಕೋಶಗಳ (ಹೋರಾಟವನ್ನು ತಡೆಯುವ ಟಿ ಕೋಶಗಳ) ಮೇಲೆ ಓಎಕ್ಸ್40, ಐಕಾಸ್, ಜಿಐಟಿಆರ್, 4-1ಬಿಬಿ ಎಲ್ಲವೂ ಇರಬಹುದು. ಬರೀ ಸಿಡಿ4 ಎಂದು ಗೇಟ್ ಮಾಡಿ (ಯಂತ್ರದ ಚಿತ್ರದಲ್ಲಿ ಗೆರೆ ಎಳೆದು ಆ ಕೋಶಗಳನ್ನಷ್ಟೇ ಆರಿಸಿ) "ಓಎಕ್ಸ್40 ಜಾಸ್ತಿ, ಅಂದರೆ ರೋಗನಿರೋಧಕ ಹೋರಾಟ ಜೋರು" ಎಂದರೆ ಅರ್ಥವೇ ತಲೆಕೆಳಗಾಗಬಹುದು. ರೆಗ್ಯುಲೇಟರಿ ಕೋಶಗಳನ್ನು ಬೇರೆ ಮಾಡಲು ಪ್ಯಾನೆಲ್‌ನಲ್ಲಿ (ಒಟ್ಟಿಗೆ ಹಾಕುವ ಆಂಟಿಬಾಡಿಗಳ ಗುಂಪಿನಲ್ಲಿ) ಸಿಡಿ25, ಸಿಡಿ127, ಸಾಧ್ಯವಾದರೆ ಫಾಕ್ಸ್‌ಪಿ3 ಸೇರಿಸಿ.

ಹಂತ 2: ಅನುಮತಿ ಮತ್ತು ಒಪ್ಪಿಗೆ ಪತ್ರ

ರೋಗಿಯ ರಕ್ತ ಅಥವಾ ಗಡ್ಡೆ ಮುಟ್ಟುವ ಮೊದಲು ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಇದಕ್ಕೆ ಆಧಾರ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಾಗಲಿ, ವಿದ್ಯಾನಗರದ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಗಲಿ, ಸತ್ತೂರಿನ ಎಸ್‌ಡಿಎಂ ಆಗಲಿ, ಬರುವ ರೋಗಿಗಳಲ್ಲಿ ಗದಗ, ಹಾವೇರಿ, ಕೊಪ್ಪಳದ ಹಳ್ಳಿಗಳವರು ಬಹಳ. ಒಪ್ಪಿಗೆ ಪತ್ರದ ಕನ್ನಡ ಅವರಿಗೆ ಅರ್ಥವಾಗಬೇಕು. "ಪ್ರತಿರಕ್ಷಣಾ ಸಹ-ಉತ್ತೇಜಕ ಗ್ರಾಹಿಗಳ ಅಭಿವ್ಯಕ್ತಿಯ ಅಧ್ಯಯನ" ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆ ಅಲ್ಲ. "ನಿಮ್ಮ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಕಣಗಳಿವೆ. ಅವು ಹೇಗಿವೆ ಅಂತ ನೋಡಲು 10 ಎಂಎಲ್ ರಕ್ತ ತೆಗೆದುಕೊಳ್ಳುತ್ತೇವೆ. ಕೊಡದಿದ್ದರೂ ನಿಮ್ಮ ಚಿಕಿತ್ಸೆಗೆ ಏನೂ ಕಡಿಮೆ ಮಾಡುವುದಿಲ್ಲ." ಹೀಗೆ ಬರೆಯಿರಿ. ಓದಿ ಹೇಳಿ. ಅವರ ಮನೆಯವರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು.

ಹಂತ 3: ಕ್ಲೋನ್ ಆರಿಸುವುದು

ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಹೆಚ್ಚಿನ ಅನಾಹುತ ಆಗುವುದು ಇಲ್ಲೇ.

ಒಂದೇ ಮೂಲ ಕೋಶದ ಸಂತತಿಯಿಂದ ಬಂದ ಆಂಟಿಬಾಡಿಗೆ ಕ್ಲೋನ್ ಎನ್ನುತ್ತೇವೆ. ಒಂದೇ ರಿಸೆಪ್ಟರ್‌ಗೆ ಬೇರೆ ಬೇರೆ ಕ್ಲೋನ್‌ಗಳು ಬೇರೆ ಬೇರೆ ಜಾಗದಲ್ಲಿ ಅಂಟಿಕೊಳ್ಳುತ್ತವೆ. ಆ ಜಾಗಕ್ಕೆ ಎಪಿಟೋಪ್ ಎನ್ನುತ್ತೇವೆ. ಮನುಷ್ಯರ ಕೋಶಗಳಿಗೆ ಫ್ಲೋ ಸೈಟೋಮೆಟ್ರಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ಲೋನ್‌ಗಳು ಇವು: ಸಿಡಿ28ಕ್ಕೆ ಸಿಡಿ28.2, 4-1ಬಿಬಿಗೆ 4ಬಿ4-1, ಓಎಕ್ಸ್40ಗೆ ಬೆರ್-ಎಸಿಟಿ35, ಐಕಾಸ್‌ಗೆ ಸಿ398.4ಎ ಅಥವಾ ಐಎಸ್‌ಎ-3, ಸಿಡಿ27ಕ್ಕೆ ಓ323 ಅಥವಾ ಎಂ-ಟಿ271, ಜಿಐಟಿಆರ್‌ಗೆ 108-17. ಸಿ398.4ಎ ಇಲಿಯ ಐಕಾಸ್‌ಗೂ ಅಂಟುತ್ತದೆ. ಅದು ಆರ್ಮೇನಿಯನ್ ಹ್ಯಾಮ್‌ಸ್ಟರ್‌ನ ಆಂಟಿಬಾಡಿ, ಆದ್ದರಿಂದ ಮೌಸ್ ಐಜಿಜಿಯ ಐಸೋಟೈಪ್ ಕಂಟ್ರೋಲ್ (ಅದೇ ಬಗೆಯ, ಆದರೆ ಕೋಶದ ಮೇಲೆ ಗುರಿ ಇಲ್ಲದ ಆಂಟಿಬಾಡಿ) ಅದಕ್ಕೆ ಹೊಂದುವುದಿಲ್ಲ. ಉಳಿದವು ಮನುಷ್ಯರಿಗೆ. ಇಲಿಯಲ್ಲಿ ಕೆಲಸ ಮಾಡುವವರು ಇಲಿಯ ಕ್ಲೋನ್‌ಗಳನ್ನೇ ತರಿಸಬೇಕು: ಸಿಡಿ28ಕ್ಕೆ 37.51, 4-1ಬಿಬಿಗೆ 17ಬಿ5, ಓಎಕ್ಸ್40ಗೆ ಓಎಕ್ಸ್-86, ಜಿಐಟಿಆರ್‌ಗೆ ಡಿಟಿಎ-1.

ಈಗ ಕ್ಲೋನ್ ವಿಷಯದಲ್ಲಿ ಕೈಕೊಡುವ ಜಾಗಗಳು. ಟಿ ಕೋಶ ಉತ್ತೇಜಿಸಲು ಲ್ಯಾಬ್‌ಗಳಲ್ಲಿ ಬಳಸುವ ಆಂಟಿ-ಸಿಡಿ28 ಹೆಚ್ಚಾಗಿ ಅದೇ ಸಿಡಿ28.2 ಕ್ಲೋನ್. ಎರಡು ದಿನ ಅದರಲ್ಲಿ ಬೆಳೆಸಿದ ಕೋಶಕ್ಕೆ ಮತ್ತೆ ಬಣ್ಣದ ಸಿಡಿ28.2 ಹಾಕಿದರೆ ಸಿಗ್ನಲ್ ಬಿದ್ದುಹೋಗುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಬಣ್ಣವಿಲ್ಲದ ಆಂಟಿಬಾಡಿ ಆಗಲೇ ಜಾಗ ಹಿಡಿದಿರುತ್ತದೆ. ಸಿಡಿ28 ಅಳೆಯುವುದೇ ಉದ್ದೇಶವಾಗಿದ್ದರೆ ಉತ್ತೇಜನಕ್ಕೆ ಆಂಟಿ-ಸಿಡಿ3 (ಸಿಡಿ3 ಎಲ್ಲ ಟಿ ಕೋಶಗಳ ಗುರುತು) ಒಂದನ್ನೇ ಅಥವಾ ಟಿ ಕೋಶ ಎಬ್ಬಿಸುವ ಸಸ್ಯಪ್ರೋಟೀನಾದ ಪಿಎಚ್‌ಎ ಬಳಸಿ.

ಆಂಟಿ-ಸಿಡಿ3ಗೂ ಇದೇ ಕಥೆ. ಓಕೆಟಿ3 ಎಂಬ ಆಂಟಿ-ಸಿಡಿ3 ಕ್ಲೋನ್‌ನಿಂದ ಉತ್ತೇಜಿಸಿದರೆ ಸಿಡಿ3 ಒಳಗೆ ಸರಿಯುತ್ತದೆ, ಉಳಿದದ್ದು ಮುಚ್ಚಿರುತ್ತದೆ. 24 ಗಂಟೆಯ ಟ್ಯೂಬ್‌ನಲ್ಲಿ ಸಿಡಿ3 ಮಂದವಾದರೆ ಗಾಬರಿ ಬೇಡ. ಗೇಟಿಂಗ್‌ಗೆ ಸಿಡಿ4, ಸಿಡಿ8 ಆಧಾರವಾಗಿ ಇಟ್ಟುಕೊಳ್ಳಿ. ಪಿಎಂಎ-ಅಯನೋಮೈಸಿನ್ ಎಂಬ ರಾಸಾಯನಿಕ ಉತ್ತೇಜಕ ಹಾಕಿದರೆ ಮಾತ್ರ ಸಿಡಿ4 ಕೂಡ ಕೆಳಗಿಳಿಯುತ್ತದೆ, ಅದು ನೆನಪಿರಲಿ.

ಚಿಕಿತ್ಸೆಯಲ್ಲಿರುವ ರೋಗಿಯ ವಿಷಯದಲ್ಲಿ ಇದು ಇನ್ನೂ ಗಂಭೀರ. ನಿವೊಲುಮ್ಯಾಬ್ ಅಥವಾ ಪೆಂಬ್ರೊಲಿಜುಮ್ಯಾಬ್ ಎಂಬ ಆಂಟಿಬಾಡಿ ಔಷಧ ಪಡೆದವರ ಟಿ ಕೋಶಗಳ ಮೇಲಿನ ಪಿಡಿ-1ಗೆ ಔಷಧವೇ ಅಂಟಿಕೊಂಡಿರುತ್ತದೆ. ಇಎಚ್12.2ಎಚ್7ನಂಥ ಆಂಟಿ-ಪಿಡಿ-1 ಕ್ಲೋನ್ ಹಾಕಿದರೆ ಪಿಡಿ-1 ಮಾಯವಾದಂತೆ ತೋರುತ್ತದೆ. ನಿಜಕ್ಕೂ ಅದು ಅಲ್ಲೇ ಇರುತ್ತದೆ. ಈ ಎರಡೂ ಔಷಧಗಳು ಮನುಷ್ಯರ ಐಜಿಜಿ4 ಬಗೆಯ ಆಂಟಿಬಾಡಿಗಳಾದ್ದರಿಂದ ಬಣ್ಣದ ಆಂಟಿ-ಐಜಿಜಿ4 ಹಾಕಿ ಔಷಧವನ್ನೇ ಹುಡುಕುವ ದಾರಿ ಇದೆ. ಪಿಡಿ-1 ಉತ್ತೇಜಕ ರಿಸೆಪ್ಟರ್ ಅಲ್ಲ, ತಡೆಯುವಂಥದ್ದು. ಆದರೂ ಹೇಳಿದೆ, ಏಕೆಂದರೆ ಕೋಸ್ಟಿಮ್ಯುಲೇಟರಿ ಪ್ಯಾನೆಲ್‌ನಲ್ಲಿ ಅದನ್ನು ಜೊತೆಗೆ ಹಾಕದವರೇ ಕಡಿಮೆ. ಇಲಿಗೆ ಡಿಟಿಎ-1 ಚುಚ್ಚಿ ಆಮೇಲೆ ಡಿಟಿಎ-1ರಿಂದಲೇ ಸ್ಟೇನ್ ಮಾಡುವವರಿಗೂ ಇದೇ ಮಾತು.

ಕಾರ್-ಟಿ (ಲ್ಯಾಬ್‌ನಲ್ಲಿ ಕೃತಕ ರಿಸೆಪ್ಟರ್ ಜೋಡಿಸಿದ ಟಿ ಕೋಶ, ಆ ರಿಸೆಪ್ಟರ್ ಹೆಸರೇ ಕಾರ್) ಬಗ್ಗೆ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನ ಕೆಲಸದಿಂದ ಬಂದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು. ಅದರ ರಿಸೆಪ್ಟರ್‌ನಲ್ಲಿ 4-1ಬಿಬಿಯ ತುಣುಕು ಇದೆ. "ಹಾಗಾದರೆ ಆಂಟಿ-4-1ಬಿಬಿ ಹಾಕಿದರೆ ಕಾರ್-ಟಿ ಕೋಶ ಸಿಗುತ್ತದೆ ಅಲ್ವಾ?" ಸಿಗುವುದಿಲ್ಲ. ಕಾರ್‌ನಲ್ಲಿ ಇರುವುದು 4-1ಬಿಬಿಯ ಒಳಭಾಗ, ಕೋಶದೊಳಗೆ ಸಂಕೇತ ಕೊಡುವ ಬಾಲ. ನಿಮ್ಮ ಆಂಟಿಬಾಡಿ ನೋಡುವುದು ಹೊರಭಾಗವನ್ನು. ಕಾರ್-ಟಿ ಕೋಶದ ಮೇಲೆ 4-1ಬಿಬಿ ಕಂಡರೆ ಅದು ಆ ಕೋಶದ ಸ್ವಂತದ್ದು.

ಕೊನೆಗೆ, ಅಂಟುವ ಆಂಟಿಬಾಡಿ ಸುಮ್ಮನೆ ಅಂಟಿ ಕೂರುತ್ತದೆ ಎಂದುಕೊಳ್ಳಬೇಡಿ. ಅದು ರಿಸೆಪ್ಟರ್ ಅನ್ನು ಎಬ್ಬಿಸಲೂಬಹುದು. 2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಟಿಜಿಎನ್1412 ಎಂಬ ಆಂಟಿ-ಸಿಡಿ28 ಪಡೆದ 6 ಆರೋಗ್ಯವಂತ ಸ್ವಯಂಸೇವಕರು ಸೈಟೋಕೈನ್ ಬಿರುಗಾಳಿಗೆ (ರೋಗನಿರೋಧಕ ಕೋಶಗಳ ಸಂಕೇತ ಪ್ರೋಟೀನುಗಳು ಮಿತಿಮೀರಿ ಉಕ್ಕುವುದಕ್ಕೆ) ಸಿಕ್ಕಿ ತೀವ್ರ ನಿಗಾ ಘಟಕ ಸೇರಿದರು. ಪ್ರಾಣಿಗಳಲ್ಲಿ ಇಂಥ ಅಪಾಯದ ಸುಳಿವು ಸಿಕ್ಕಿರಲಿಲ್ಲ. ಲ್ಯಾಬ್ ಮಟ್ಟದಲ್ಲಿ ಇದರಿಂದ ತೆಗೆದುಕೊಳ್ಳಬೇಕಾದದ್ದು ಇಷ್ಟು: ಸ್ಟೇನ್ ಮಾಡಿದ ಕೋಶಗಳನ್ನು ಸಾರ್ಟ್ ಮಾಡಿ (ಯಂತ್ರದಲ್ಲಿ ಬೇರ್ಪಡಿಸಿ) ಮತ್ತೆ ಬೆಳೆಸುವುದಾದರೆ ಐಸ್ ಮೇಲೆ ಇಡಿ, ಬೇಗ ಮುಗಿಸಿ, ಆಂಟಿಬಾಡಿಯಿಂದಲೇ ಬದಲಾವಣೆ ಆಗಿದೆಯೇ ಎಂದು ನೋಡಲು ಸ್ಟೇನ್ ಮಾಡದ ಕೋಶಗಳನ್ನೂ ಜೊತೆಗೆ ಬೆಳೆಸಿ.

ಹಂತ 4: ಬಣ್ಣ ಹಂಚುವುದು

ನಿಯಮ ಸರಳ. ಮಂದ ರಿಸೆಪ್ಟರ್‌ಗೆ ಪ್ರಖರ ಬಣ್ಣ, ತುಂಬಿ ತುಳುಕುವ ರಿಸೆಪ್ಟರ್‌ಗೆ ಮಂದ ಬಣ್ಣ. ಸಿಡಿ8, ಸಿಡಿ4 ಸಾವಿರಾರು ಸಂಖ್ಯೆಯಲ್ಲಿರುತ್ತವೆ, ಎಫ್‌ಐಟಿಸಿ ಎಂಬ ಮಂದ ಬಣ್ಣ ಕೊಟ್ಟರೂ ಹೊಳೆಯುತ್ತವೆ. 4-1ಬಿಬಿ, ಓಎಕ್ಸ್40ಗೆ ಪ್ರಖರ ಬಣ್ಣಗಳಾದ ಪಿಇ, ಎಪಿಸಿ ಅಥವಾ ಬ್ರಿಲಿಯಂಟ್ ವಯಲೆಟ್ 421 ಮೀಸಲಿಡಿ.

ನೀಲಿ ಮತ್ತು ಕೆಂಪು, ಎರಡೇ ಲೇಸರ್ ಇರುವ ಯಂತ್ರಕ್ಕೆ ನಾನು ಹೇಳುವ ಪ್ಯಾನೆಲ್ ಇದು: ಸಿಡಿ8 ಎಫ್‌ಐಟಿಸಿ, 4-1ಬಿಬಿ ಪಿಇ, ಸಿಡಿ4 ಪರ್‌ಸಿಪಿ-ಸೈ5.5, ಸಿಡಿ3 ಪಿಇ-ಸೈ7, ಓಎಕ್ಸ್40 ಎಪಿಸಿ, ಸತ್ತ ಕೋಶ ಗುರುತಿಸಲು ನಿಯರ್-ಐಆರ್ ಡೈ. ಆರು ಬಣ್ಣ. ಮೊದಲ ವರ್ಷಕ್ಕೆ ಇದಕ್ಕಿಂತ ಹೆಚ್ಚಿನದಕ್ಕೆ ಆಸೆಪಡಬೇಡಿ. ಬಣ್ಣ ಹೆಚ್ಚಿದಷ್ಟೂ ಒಂದರ ಬೆಳಕು ಇನ್ನೊಂದರ ಡಿಟೆಕ್ಟರ್‌ಗೆ ಸೋರುತ್ತದೆ, ಮಂದ ರಿಸೆಪ್ಟರ್‌ಗಳೇ ಮೊದಲು ಮುಳುಗುತ್ತವೆ.

ಸತ್ತ ಕೋಶದ ಡೈ ಬಿಟ್ಟು ಹಣ ಉಳಿಸಬೇಡಿ. ಸತ್ತ ಕೋಶ ಎಲ್ಲ ಆಂಟಿಬಾಡಿಗಳನ್ನೂ ಹೀರಿಕೊಳ್ಳುತ್ತದೆ. ಉತ್ತೇಜಿಸಿದ ಟ್ಯೂಬ್‌ನಲ್ಲಿ ಸಾಯುವ ಕೋಶಗಳು ಹೆಚ್ಚು. ಡೈ ಇಲ್ಲದಿದ್ದರೆ ಸಾವನ್ನೇ ನೀವು 4-1ಬಿಬಿ ಎಂದು ಎಣಿಸುತ್ತೀರಿ.

ಹಂತ 5: ಆರ್ಡರ್, ಮತ್ತು ಬಿಸಿಲು

ಡೇಟಾಶೀಟ್‌ನಲ್ಲಿ ನೋಡಬೇಕಾದದ್ದು: ಕ್ಲೋನ್, ಯಾವ ಪ್ರಾಣಿಯದು, ಐಸೋಟೈಪ್, ಯಾವ ಪ್ರಭೇದಕ್ಕೆ ಅಂಟುತ್ತದೆ, ಯಾವ ಕೆಲಸಕ್ಕೆ ಪರೀಕ್ಷಿಸಿದ್ದಾರೆ. ಫ್ಲೋ ಸೈಟೋಮೆಟ್ರಿಗೆ ಹೊಂದುವ ಕ್ಲೋನ್ ಪ್ಯಾರಾಫಿನ್ ಬ್ಲಾಕ್‌ನಲ್ಲಿ (ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ತುಣುಕಿನಲ್ಲಿ) ಕೆಲಸ ಮಾಡುತ್ತದೆ ಎಂಬ ಖಾತ್ರಿ ಇಲ್ಲ. ಫಾರ್ಮಲಿನ್‌ನಿಂದ ಎಪಿಟೋಪ್ ರೂಪ ಬದಲಾಗುತ್ತದೆ. ಇಮ್ಯುನೋಹಿಸ್ಟೋಕೆಮಿಸ್ಟ್ರಿ (ಅಂಥ ತುಣುಕಿನ ತೆಳು ಹೋಳಿನ ಮೇಲೆ ಆಂಟಿಬಾಡಿ ಹಾಕಿ ನೋಡುವುದು) ಮಾಡುವವರು ಅದಕ್ಕೆಂದೇ ಪರೀಕ್ಷಿಸಿದ ಕ್ಲೋನ್ ತರಿಸಿ, ಟಾನ್ಸಿಲ್ ಸೆಕ್ಷನ್ ಅನ್ನು ಪಾಸಿಟಿವ್ ಕಂಟ್ರೋಲ್ ಆಗಿ ಇಡಿ. ಕೋಶ ಉತ್ತೇಜಿಸಲು ಬಳಸುವ ಆಂಟಿಬಾಡಿಯಲ್ಲಿ ಸೋಡಿಯಂ ಅಜೈಡ್ (ಕೆಡದಂತೆ ಹಾಕುವ ರಾಸಾಯನಿಕ) ಇರಬಾರದು, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಕಡಿಮೆ ಇರಬೇಕು. ಸ್ಟೇನಿಂಗ್ ಬಾಟಲಿಯಲ್ಲಿ ಸಾಮಾನ್ಯವಾಗಿ ಅಜೈಡ್ ಇರುತ್ತದೆ, ಅದನ್ನು ಕಲ್ಚರ್‌ಗೆ ಹಾಕಿದರೆ ಕೋಶಗಳು ಸಾಯುತ್ತವೆ.

ನಮ್ಮ ಊರಿನ ಸಮಸ್ಯೆ ಬೇರೆಯೇ ಇದೆ. ಬಾಟಲಿ ಹೆಚ್ಚಾಗಿ ಬೆಂಗಳೂರಿನ ಮೂಲಕ ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹುಬ್ಬಳ್ಳಿಯ ಬಿಸಿಲು ಗೊತ್ತಲ್ಲ, 37-38 ಡಿಗ್ರಿ ಸಾಮಾನ್ಯ. ಪಾರ್ಸೆಲ್ ಶನಿವಾರ ಸಂಜೆ ಬಂದು ಸೋಮವಾರದವರೆಗೆ ಸೆಕ್ಯುರಿಟಿ ಮೇಜಿನ ಕೆಳಗೆ ಕೂತರೆ ಜೆಲ್ ಪ್ಯಾಕ್ ಬಿಸಿನೀರಾಗಿರುತ್ತದೆ. ವಾರದ ಮೊದಲ ದಿನಗಳಲ್ಲಿ ತಲುಪುವಂತೆ ಕಳಿಸಿ ಎಂದು ಡಿಸ್ಟ್ರಿಬ್ಯೂಟರ್‌ಗೆ ಬರೆದು ತಿಳಿಸಿ. ಗೇಟಿನವರ ಫೋನ್ ನಂಬರ್ ನಿಮ್ಮ ಹತ್ತಿರ, ನಿಮ್ಮದು ಅವರ ಹತ್ತಿರ ಇರಲಿ. ಬಂದ ತಕ್ಷಣ ತೆರೆದು ಜೆಲ್ ಪ್ಯಾಕ್ ತಣ್ಣಗಿದೆಯೇ ನೋಡಿ, ಫೋಟೋ ತೆಗೆದುಕೊಳ್ಳಿ.

ಬಣ್ಣ ಅಂಟಿಸಿದ ಆಂಟಿಬಾಡಿಯನ್ನು 2 ರಿಂದ 8 ಡಿಗ್ರಿಯಲ್ಲಿ ಕತ್ತಲಲ್ಲಿ ಇಡಿ. ಫ್ರೀಜರ್‌ಗೆ ಹಾಕಬೇಡಿ. ಪಿಇ, ಎಪಿಸಿ ಪ್ರೋಟೀನುಗಳು, ಹೆಪ್ಪುಗಟ್ಟಿದರೆ ಹಾಳು. ಹಾಗೆಂದು ಫ್ರಿಜ್‌ನ ಬಾಗಿಲಿನಲ್ಲಿಯೂ ಇಡಬೇಡಿ, ಅಲ್ಲಿ ಬಿಸಿ ಹೆಚ್ಚು. ಹಿಂಭಾಗದ ಗೋಡೆಗೆ ತಾಗಿಸಲೂ ಬೇಡಿ, ಕೆಲವು ಫ್ರಿಜ್‌ಗಳಲ್ಲಿ ಅಲ್ಲಿ ಮಂಜುಗಟ್ಟುತ್ತದೆ. ನಡುವಿನ ತಟ್ಟೆ, ಪಕ್ಕದಲ್ಲೊಂದು ಕನಿಷ್ಠ-ಗರಿಷ್ಠ ಥರ್ಮಾಮೀಟರ್. ಕರೆಂಟ್ ಹೋಗುವ ಊರಿನಲ್ಲಿ ಈ ಥರ್ಮಾಮೀಟರ್ ಇಲ್ಲದೆ ರಾತ್ರಿ ಏನಾಯಿತು ಎಂದು ತಿಳಿಯುವುದಿಲ್ಲ.

ಹಂತ 6: ಟೈಟ್ರೇಷನ್ (ಸರಿಯಾದ ಪ್ರಮಾಣ ಹುಡುಕುವುದು)

ಬಾಟಲಿಯ ಮೇಲೆ "ಪ್ರತಿ ಟೆಸ್ಟ್‌ಗೆ 5 ಮೈಕ್ರೋಲೀಟರ್" ಎಂದಿರುತ್ತದೆ. ಅದನ್ನೇ ಕಣ್ಣುಮುಚ್ಚಿ ಹಾಕಬೇಡಿ. ನಿಮ್ಮ ಕೋಶ, ನಿಮ್ಮ ಯಂತ್ರ ಬೇರೆ. ಉತ್ತೇಜಿಸಿದ ಕೋಶಗಳನ್ನು ತೆಗೆದುಕೊಳ್ಳಿ. ಪ್ರತಿ ಟ್ಯೂಬ್‌ನಲ್ಲಿ ಅಷ್ಟೇ ಕೋಶ, ಅಷ್ಟೇ ಒಟ್ಟು ದ್ರವ, ಅಂದರೆ 100 ಮೈಕ್ರೋಲೀಟರ್. ಆಂಟಿಬಾಡಿಯನ್ನು ಅರ್ಧರ್ಧ ಇಳಿಸುತ್ತ ಹೋಗಿ: 5, 2.5, 1.25, 0.62 ಮೈಕ್ರೋಲೀಟರ್. ಸಣ್ಣ ಪ್ರಮಾಣವನ್ನು ನೇರ ಪಿಪೆಟ್ ಮಾಡಬೇಡಿ, ಮೊದಲು ಬಫರ್‌ನಲ್ಲಿ ತೆಳು ಮಾಡಿಕೊಳ್ಳಿ.

ಪ್ರತಿ ಟ್ಯೂಬ್‌ಗೂ ಸ್ಟೇನ್ ಇಂಡೆಕ್ಸ್ ಲೆಕ್ಕ ಹಾಕಿ, ಅಂದರೆ ಪಾಸಿಟಿವ್ ಕೋಶಗಳು ನೆಗೆಟಿವ್ ಕೋಶಗಳಿಂದ ಎಷ್ಟು ಸ್ಪಷ್ಟವಾಗಿ ಬೇರೆ ಕಾಣುತ್ತವೆ ಎಂಬ ಅಳತೆ. ಪಾಸಿಟಿವ್ ಕೋಶಗಳ ಹೊಳಪಿನ ಮೀಡಿಯನ್‌ನಿಂದ (ನಡುವಿನ ಬೆಲೆಯಿಂದ) ನೆಗೆಟಿವ್ ಕೋಶಗಳ ಮೀಡಿಯನ್ ಕಳೆಯಿರಿ. ಬಂದದ್ದನ್ನು ನೆಗೆಟಿವ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಎರಡು ಪಟ್ಟಿನಿಂದ ಭಾಗಿಸಿ.

ಲೆಕ್ಕ ತಿಳಿಯಲು ಕಾಲ್ಪನಿಕ ಅಂಕಿ ಇಟ್ಟುಕೊಳ್ಳೋಣ. 5 ಮೈಕ್ರೋಲೀಟರ್‌ನಲ್ಲಿ ಪಾಸಿಟಿವ್ 8000, ನೆಗೆಟಿವ್ 200, ಡೀವಿಯೇಷನ್ 150. ಇಂಡೆಕ್ಸ್ 7800 ಭಾಗಿಸು 300, ಅಂದರೆ 26. 2.5ರಲ್ಲಿ ಪಾಸಿಟಿವ್ 7600, ನೆಗೆಟಿವ್ 120, ಡೀವಿಯೇಷನ್ 90. ಇಂಡೆಕ್ಸ್ ಸುಮಾರು 42. 1.25ರಲ್ಲಿ 6200, 90, 75. ಇಂಡೆಕ್ಸ್ ಸುಮಾರು 41. 0.62ರಲ್ಲಿ 3500, 80, 70. ಇಂಡೆಕ್ಸ್ ಸುಮಾರು 24.

ಪಾಸಿಟಿವ್ ಅತಿ ಹೆಚ್ಚು ಹೊಳೆದದ್ದು 5ರಲ್ಲಿ. ಆದರೆ ಅಲ್ಲಿ ನೆಗೆಟಿವ್ ಕೋಶಗಳೂ ಬಣ್ಣ ಹಿಡಿದಿವೆ. 2.5 ಮತ್ತು 1.25 ಹೆಚ್ಚು ಕಡಿಮೆ ಸಮ. ನಾನಾದರೆ 2.5 ಆರಿಸುತ್ತೇನೆ. 1.25ರ ಆಚೆ ಸಿಗ್ನಲ್ ಕುಸಿಯುತ್ತದೆ, ಕೋಶದ ಎಣಿಕೆಯಲ್ಲಿ ಸ್ವಲ್ಪ ಏರುಪೇರಾದರೂ ಫಲಿತಾಂಶ ಜಾರುತ್ತದೆ. 2.5 ಸುರಕ್ಷಿತ, ಮೇಲಾಗಿ ಬಾಟಲಿ ಎರಡು ಪಟ್ಟು ಬಾಳಿಕೆ ಬರುತ್ತದೆ. ಸಣ್ಣ ಗ್ರಾಂಟ್‌ನಲ್ಲಿ ನಡೆಯುವ ಲ್ಯಾಬ್‌ಗೆ ಅದೇನು ಕಡಿಮೆ ಉಳಿತಾಯವಲ್ಲ.

ಹಂತ 7: ರಕ್ತ ತರುವುದು, ಕೋಶ ಬಿಡಿಸುವುದು

ಉತ್ತೇಜನದ ಪ್ರಯೋಗಕ್ಕೆ ಹೆಪಾರಿನ್ ಟ್ಯೂಬ್ ಒಳ್ಳೆಯದು. ಇಡಿಟಿಎ ಕ್ಯಾಲ್ಸಿಯಂ ಹಿಡಿದುಬಿಡುತ್ತದೆ. ಹುಬ್ಬಳ್ಳಿಯ ಆಸ್ಪತ್ರೆಯಿಂದ ಧಾರವಾಡದ ಲ್ಯಾಬಿಗೆ 20 ಕಿಲೋಮೀಟರ್ ದಾರಿ. ರಕ್ತವನ್ನು ಐಸ್ ಮೇಲೆ ಇಡಬೇಡಿ, ಬಿಸಿಲಿಗೆ ನಿಂತ ಸ್ಕೂಟರ್‌ನ ಡಿಕ್ಕಿಯಲ್ಲೂ ಇಡಬೇಡಿ. 18 ರಿಂದ 25 ಡಿಗ್ರಿ ಇರಬೇಕು. ಥರ್ಮಾಕೋಲ್ ಡಬ್ಬಿ, ಬಟ್ಟೆ ಸುತ್ತಿದ ಜೆಲ್ ಪ್ಯಾಕ್, ಟ್ಯೂಬ್‌ಗೆ ತಾಗದಂತೆ. ಸೋರದ ಮೂರು ಪದರದ ಪ್ಯಾಕಿಂಗ್, ಹೊರಗೆ ಜೈವಿಕ ಅಪಾಯದ ಗುರುತು. ತಲುಪಿದ ದಿನವೇ ಕೋಶ ಬಿಡಿಸಿ.

ರಕ್ತವನ್ನು ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್‌ನಲ್ಲಿ) ಸಮಸಮ ತೆಳು ಮಾಡಿ, ಕೋಶಗಳನ್ನು ಸಾಂದ್ರತೆಯಿಂದ ಬೇರ್ಪಡಿಸುವ 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ನಿಧಾನವಾಗಿ ಪದರ ಹಾಕಿ. 400 ಜಿ, 30 ನಿಮಿಷ, ಸುಮಾರು 20 ಡಿಗ್ರಿ, ಬ್ರೇಕ್ ಆಫ್. ಫೈಕಾಲ್‌ನ ಸಾಂದ್ರತೆ ಬಿಸಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಮಾಡಿದರೆ ಬೇಕಾದ ಕೋಶಗಳೂ ಕೆಳಗಿಳಿದು ಹೋಗುತ್ತವೆ. ಮಧ್ಯದ ಬಿಳಿ ಉಂಗುರ ತೆಗೆದು ಎರಡು ಸಲ ತೊಳೆಯಿರಿ.

ಈಗ ಕೋಶದ ಲೆಕ್ಕ. ಆರೋಗ್ಯವಂತರ 1 ಎಂಎಲ್ ರಕ್ತದಿಂದ ಸುಮಾರು 10 ಲಕ್ಷ ಪಿಬಿಎಂಸಿ (ಆ ಬಿಳಿ ಉಂಗುರದಲ್ಲಿ ಸಿಗುವ, ಟಿ ಕೋಶಗಳಿರುವ ಬಿಳಿ ರಕ್ತಕೋಶಗಳು) ನಿರೀಕ್ಷಿಸಬಹುದು. ಕೀಮೋ ಆದವರಲ್ಲಿ ಕಡಿಮೆ. 10 ಎಂಎಲ್‌ಗೆ 1 ಕೋಟಿ ಎಂದಿಟ್ಟುಕೊಳ್ಳಿ. ಪ್ರತಿ ಟ್ಯೂಬ್‌ಗೆ 5 ಲಕ್ಷ. 0 ಗಂಟೆಗೆ 1 ಟ್ಯೂಬ್. 24 ಮತ್ತು 48 ಗಂಟೆಗೆ ಉತ್ತೇಜಿಸಿದ್ದು, ಉತ್ತೇಜಿಸದ್ದು ತಲಾ ಒಂದರಂತೆ 4. ಎರಡೂ ಸಮಯಕ್ಕೆ ಪಿಇ ಮತ್ತು ಎಪಿಸಿಯ ಎಫ್‌ಎಂಓ (ಆ ಒಂದು ಆಂಟಿಬಾಡಿ ಬಿಟ್ಟ ಕಂಟ್ರೋಲ್ ಟ್ಯೂಬ್, ಹಂತ 9 ನೋಡಿ) 4. ಒಟ್ಟು 9 ಟ್ಯೂಬ್, 45 ಲಕ್ಷ ಕೋಶ. ಕಲ್ಚರ್‌ನಲ್ಲಿ ಸಾಯುವುದು, ತೊಳೆಯುವಾಗ ಹೋಗುವುದು ಸೇರಿಸಿದರೆ 10 ಎಂಎಲ್ ಕಷ್ಟಪಟ್ಟು ಸಾಕಾಗುತ್ತದೆ. ಇನ್ನೊಂದು ಸಮಯ ಸೇರಿಸುವ ಆಸೆ ಬಂದರೆ ರೋಗಿಯ ಹಿಮೋಗ್ಲೋಬಿನ್ ನೆನಪಿಸಿಕೊಳ್ಳಿ.

ಗಡ್ಡೆಯ ತುಣುಕಾದರೆ ಕೊಲಾಜಿನೇಸ್, ಡಿಎನ್‌ಏಸ್ ಹಾಕಿ ಕೋಶ ಬಿಡಿಸಬೇಕು. ಈ ಎಂಜೈಮ್ ರಿಸೆಪ್ಟರ್ ಅನ್ನೇ ಕತ್ತರಿಸುತ್ತದೆಯೇ ಎಂದು ತಿಳಿಯಲು ಉತ್ತೇಜಿಸಿದ ಪಿಬಿಎಂಸಿಯ ಅರ್ಧಕ್ಕೆ ಅದೇ ಎಂಜೈಮ್, ಅಷ್ಟೇ ಹೊತ್ತು ಹಾಕಿ ನೋಡಿ. 4-1ಬಿಬಿ ಇಳಿದರೆ ಎಂಜೈಮ್ ಬದಲಿಸಿ. ನಮ್ಮ ಭಾಗದಲ್ಲಿ ಬಾಯಿ ಕ್ಯಾನ್ಸರ್‌ನ ತುಣುಕುಗಳೇ ಹೆಚ್ಚಾಗಿ ಸಿಗುತ್ತವೆ. ಅವುಗಳಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತದೆ, ಆಂಟಿಬಯೋಟಿಕ್ ಹಾಕಿದ ಮೀಡಿಯಾದಲ್ಲಿ ಚೆನ್ನಾಗಿ ತೊಳೆಯಿರಿ.

ಹಂತ 8: ಸ್ಟೇನಿಂಗ್

ಕಾಂತೀಯ ಬೀಡ್‌ಗಳಿಂದ ಉತ್ತೇಜಿಸಿದ್ದರೆ ಮೊದಲು ಮ್ಯಾಗ್ನೆಟ್ ಹಿಡಿದು ಬೀಡ್ ತೆಗೆಯಿರಿ.

ಕೋಶಗಳನ್ನು ಬರೀ ಪಿಬಿಎಸ್‌ನಲ್ಲಿ ತೊಳೆದು ಸತ್ತ ಕೋಶದ ಡೈ ಹಾಕಿ. ಈ ಡೈ ಪ್ರೋಟೀನಿಗೆ ಅಂಟುವಂಥದ್ದು. ಸೀರಂ ಇರುವ ಬಫರ್‌ನಲ್ಲಿ ಹಾಕಿದರೆ ಸೀರಂ ಅದನ್ನು ತಿಂದುಬಿಡುತ್ತದೆ. ಕಂಪನಿ ಹೇಳಿದಷ್ಟು ನಿಮಿಷ ಕತ್ತಲಲ್ಲಿಟ್ಟು, ಆಮೇಲೆ 2 ಶೇಕಡಾ ಸೀರಂ, 2 ಮಿಲಿಮೋಲಾರ್ ಇಡಿಟಿಎ ಇರುವ ಪಿಬಿಎಸ್‌ನಲ್ಲಿ ತೊಳೆಯಿರಿ. ಇದೇ ಸ್ಟೇನಿಂಗ್ ಬಫರ್.

ಎಫ್‌ಸಿ ಬ್ಲಾಕ್ (ಆಂಟಿಬಾಡಿಯ ಬಾಲ ಬೇಡದ ಕಡೆ ಅಂಟದಂತೆ ತಡೆಯುವಂಥದ್ದು) ಹಾಕಿ 10 ನಿಮಿಷ. ತೊಳೆಯಬೇಡಿ. ಅದರ ಮೇಲೆಯೇ ಆಂಟಿಬಾಡಿ ಮಿಶ್ರಣ ಹಾಕಿ, 4 ಡಿಗ್ರಿಯಲ್ಲಿ ಕತ್ತಲಲ್ಲಿ 30 ನಿಮಿಷ ಬಿಡಿ. ಮಿಶ್ರಣವನ್ನು ಎಲ್ಲ ಟ್ಯೂಬ್‌ಗೂ ಸೇರಿಸಿ ಒಂದೇ ಸಲ ಮಾಡಿಕೊಳ್ಳಿ. ಒಂದೊಂದು ಟ್ಯೂಬ್‌ಗೆ ಒಂದೊಂದು ಬಾಟಲಿಯಿಂದ ಹಾಕುತ್ತ ಕೂತರೆ ಯಾವುದೋ ಒಂದು ಟ್ಯೂಬ್‌ಗೆ ಯಾವುದೋ ಒಂದು ಬಿಟ್ಟುಹೋಗುತ್ತದೆ. ಎರಡು ಸಲ ತೊಳೆಯಿರಿ, 400 ಜಿಯಲ್ಲಿ 5 ನಿಮಿಷ.

ಫಾಕ್ಸ್‌ಪಿ3 ಅಥವಾ ಸಿಟಿಎಲ್‌ಎ-4 (ತಡೆಯುವ ಇನ್ನೊಂದು ರಿಸೆಪ್ಟರ್) ನೋಡುವುದಾದರೆ ಇದರ ನಂತರ ಫಿಕ್ಸ್ ಮಾಡಿ (ಕೋಶವನ್ನು ಇದ್ದಂತೆ ಗಟ್ಟಿಯಾಗಿಸಿ) ಪರ್ಮಿಯಬಿಲೈಜ್ ಮಾಡಬೇಕು, ಅಂದರೆ ಆಂಟಿಬಾಡಿ ಒಳಗೆ ಹೋಗುವಂತೆ ಪೊರೆಯಲ್ಲಿ ರಂಧ್ರ ಮಾಡಬೇಕು. ಸಿಟಿಎಲ್‌ಎ-4 ಬಹುಪಾಲು ಕೋಶದ ಒಳಗೇ ಇರುತ್ತದೆ.

ಅದೇ ದಿನ ಯಂತ್ರಕ್ಕೆ ಹಾಕುವುದು ಉತ್ತಮ. ಆಗದಿದ್ದರೆ 1 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ 24 ಗಂಟೆಯೊಳಗೆ ಓಡಿಸಿ. ಬೇಕಾದ ಯಂತ್ರ ಇಲ್ಲಿ ಸಿಗದೆ ರಾತ್ರಿ ರೈಲಿಗೆ ಬೆಂಗಳೂರಿಗೆ ಒಯ್ಯುವವರು ಪಿಇ-ಸೈ7ನಂಥ ಜೋಡಿ ಬಣ್ಣಗಳ (ಎರಡು ಬಣ್ಣ ಸೇರಿಸಿ ಮಾಡಿದವುಗಳ) ಬಗ್ಗೆ ಜಾಗ್ರತೆ. ಅವು ಬೆಳಕು, ಬಿಸಿ, ಫಿಕ್ಸೇಟಿವ್ ಮೂರಕ್ಕೂ ಒಡೆಯುತ್ತವೆ. ಒಡೆದರೆ ಪಿಇ ಚಾನೆಲ್‌ನಲ್ಲಿ ಬೆಳಕು ಬರುತ್ತದೆ. ನಮ್ಮ ಪ್ಯಾನೆಲ್‌ನಲ್ಲಿ ಪಿಇ ಇರುವುದು 4-1ಬಿಬಿಗೆ. ಅಂದರೆ ಎಲ್ಲ ಟಿ ಕೋಶಗಳಲ್ಲೂ ಸುಳ್ಳು 4-1ಬಿಬಿ ಕಾಣುತ್ತದೆ. ಪ್ರಯಾಣ ಇದ್ದರೆ ಸಿಡಿ3ಗೆ ಬೇರೆ ಬಣ್ಣ ನೋಡಿಕೊಳ್ಳಿ, ಮತ್ತು ಕಂಪೆನ್ಸೇಷನ್ ಟ್ಯೂಬ್‌ಗಳನ್ನೂ (ಬಣ್ಣಗಳ ಸೋರಿಕೆ ಕಳೆಯಲು ಒಂದೊಂದೇ ಬಣ್ಣ ಹಾಕಿದವನ್ನೂ) ಅದೇ ರೀತಿ ಫಿಕ್ಸ್ ಮಾಡಿ ಅದೇ ಡಬ್ಬಿಯಲ್ಲಿ ಒಯ್ಯಿರಿ.

ಹಂತ 9: ಗೇಟಿಂಗ್

ಮೊದಲು ಒಂಟಿ ಕೋಶಗಳು, ಆಮೇಲೆ ಜೀವಂತ ಕೋಶಗಳು, ಆಮೇಲೆ ಲಿಂಫೋಸೈಟ್ ಗೇಟ್. ಇಲ್ಲೊಂದು ಹಳ್ಳ ಇದೆ. ಉತ್ತೇಜನಗೊಂಡ ಟಿ ಕೋಶ ದಪ್ಪಗಾಗುತ್ತದೆ. 0 ಗಂಟೆಯ ರಕ್ತಕ್ಕೆ ಎಳೆದ ಬಿಗಿ ಗೇಟ್ ಅನ್ನೇ 48 ಗಂಟೆಗೂ ಇಟ್ಟರೆ ದಪ್ಪ ಕೋಶಗಳೆಲ್ಲ ಹೊರಗುಳಿಯುತ್ತವೆ. 4-1ಬಿಬಿ, ಓಎಕ್ಸ್40 ಇರುವುದು ಅವುಗಳಲ್ಲೇ. ಗೇಟ್ ಅನ್ನು ಅಗಲ ಮಾಡಿ, ಎಲ್ಲ ಟ್ಯೂಬ್‌ಗೂ ಅದೇ ಅಗಲ ಇಡಿ.

ಪಾಸಿಟಿವ್ ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೆ ಎಫ್‌ಎಂಓ ನೋಡಿ, ಅಂದರೆ ಆ ಒಂದು ಆಂಟಿಬಾಡಿ ಬಿಟ್ಟು ಉಳಿದೆಲ್ಲ ಹಾಕಿದ ಟ್ಯೂಬ್. ಉತ್ತೇಜಿಸಿದ ಕೋಶಕ್ಕೆ ಉತ್ತೇಜಿಸಿದ ಕೋಶದ್ದೇ ಎಫ್‌ಎಂಓ ಬೇಕು, ದಪ್ಪ ಕೋಶಗಳ ಸ್ವಂತ ಹೊಳಪು ಜಾಸ್ತಿ. ಐಸೋಟೈಪ್ ಕಂಟ್ರೋಲ್ ಮೇಲೆ ಗೆರೆ ಎಳೆಯುವ ಹಳೆಯ ರೂಢಿಯನ್ನು ನಾನು ಒಪ್ಪುವುದಿಲ್ಲ. ಅದು ಅಂಟುಗುಣದ ಹಿನ್ನೆಲೆ ಹೇಳಬಹುದು, ಪಕ್ಕದ ಬಣ್ಣಗಳ ಸೋರಿಕೆಯಿಂದ ಸಿಗ್ನಲ್ ಎಷ್ಟು ಹರಡಿದೆ ಎಂದು ಸರಿಯಾಗಿ ತೋರಿಸುವುದಿಲ್ಲ.

ಶೇಕಡಾ ಎಷ್ಟು ಎಂಬುದರ ಜೊತೆಗೆ ಮೀಡಿಯನ್ ಹೊಳಪನ್ನೂ ಬರೆಯಿರಿ. ಇಬ್ಬರಲ್ಲೂ ಅಷ್ಟೇ ಕೋಶಗಳು ಪಾಸಿಟಿವ್ ಇದ್ದು, ಒಬ್ಬರಲ್ಲಿ ಪ್ರತಿ ಕೋಶದ ಮೇಲಿನ ರಿಸೆಪ್ಟರ್ ಅರ್ಧ ಇರಬಹುದು.

ಹಂತ 10: ದಾಖಲೆ, ಹೊಸ ಲಾಟ್, ತ್ಯಾಜ್ಯ

ಥೀಸಿಸ್‌ನಲ್ಲಿ "ಆಂಟಿ-ಸಿಡಿ137 ಬಳಸಲಾಯಿತು" ಎಂದಷ್ಟೇ ಬರೆದರೆ ಇನ್ನೊಬ್ಬರು ಅದನ್ನು ಪುನಃ ಮಾಡಲಾರರು. ಕ್ಲೋನ್, ಬಣ್ಣ, ಕಂಪನಿ, ಕ್ಯಾಟಲಾಗ್ ಸಂಖ್ಯೆ, ಟೈಟ್ರೇಷನ್‌ನಿಂದ ಆರಿಸಿದ ಪ್ರಮಾಣ, ಉತ್ತೇಜನದ ಬಗೆ, ಗಂಟೆ, ರೋಗಿ ಆಗಲೇ ಪಡೆದಿದ್ದ ಆಂಟಿಬಾಡಿ ಚಿಕಿತ್ಸೆ, ಕೊನೆಯ ಡೋಸ್ ಆಗಿ ಎಷ್ಟು ದಿನ, ಇಷ್ಟೂ ಇರಲಿ. ಲಾಟ್ ಸಂಖ್ಯೆಯನ್ನು (ಕಂಪನಿ ಒಂದು ಸಲಕ್ಕೆ ತಯಾರಿಸಿದ ಕಂತಿನ ಸಂಖ್ಯೆಯನ್ನು) ನೋಟ್‌ಬುಕ್‌ನಲ್ಲಿ ಪ್ರತಿ ಪ್ರಯೋಗದ ಪಕ್ಕ ಬರೆಯಿರಿ.

ಹಳೆಯ ಬಾಟಲಿ ಪೂರ್ತಿ ಖಾಲಿಯಾಗುವವರೆಗೆ ಕಾಯಬೇಡಿ. ಹೊಸ ಲಾಟ್ ಬಂದಾಗ ಹಳೆಯದರ ಜೊತೆ ಒಂದೇ ದಿನ, ಒಬ್ಬರದೇ ಉತ್ತೇಜಿಸಿದ ಕೋಶಗಳ ಮೇಲೆ ಎರಡನ್ನೂ ಓಡಿಸಿ. ಇದಕ್ಕೆಂದೇ ಒಬ್ಬ ಆರೋಗ್ಯವಂತ ದಾನಿಯ ಉತ್ತೇಜಿಸದ ಪಿಬಿಎಂಸಿಯನ್ನು 10 ಶೇಕಡಾ ಡಿಎಂಎಸ್‌ಓ (ಹೆಪ್ಪುಗಟ್ಟುವಾಗ ಕೋಶ ಕಾಪಾಡುವ ದ್ರವ) ಇರುವ ಸೀರಂನಲ್ಲಿ ಹಲವು ವಯಲ್‌ಗಳಾಗಿ ದ್ರವ ಸಾರಜನಕದಲ್ಲಿ ಇಡಿ. ಕರಗಿಸಿದ ಮೇಲೆ ಒಂದು ರಾತ್ರಿ ವಿಶ್ರಾಂತಿ ಕೊಟ್ಟು ಉತ್ತೇಜಿಸಿ. ಎರಡು ಲಾಟ್‌ಗಳ ಮೀಡಿಯನ್ ಬೇರೆಯಾದರೆ ಹೊಸದನ್ನು ಮತ್ತೆ ಟೈಟ್ರೇಟ್ ಮಾಡಿ, ಆಮೇಲಷ್ಟೇ ರೋಗಿಗಳ ಮಾದರಿಗೆ ಹಾಕಿ.

ಯಂತ್ರದಿಂದ ಹೊರಬಂದ ದ್ರವಕ್ಕೆ ಸೋಡಿಯಂ ಹೈಪೋಕ್ಲೋರೈಟ್ ಹಾಕಿ ನಿಷ್ಕ್ರಿಯಗೊಳಿಸಿ. ರಕ್ತ ತಾಗಿದ ಪ್ಲಾಸ್ಟಿಕ್ ಟ್ಯೂಬ್, ಟಿಪ್ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಕೆಂಪು ಚೀಲಕ್ಕೆ, ಗಡ್ಡೆಯ ಉಳಿದ ತುಣುಕು ಹಳದಿ ಚೀಲಕ್ಕೆ. ಅಜೈಡ್ ಇರುವ ಬಾಟಲಿಯ ಉಳಿಕೆಯನ್ನು ಸಿಂಕ್‌ಗೆ ಸುರಿಯಬೇಡಿ, ಅದು ತಾಮ್ರ-ಸೀಸದ ಪೈಪಿನಲ್ಲಿ ಸೇರಿ ಸ್ಫೋಟಕ ಲವಣವಾಗಬಹುದು. ರಾಸಾಯನಿಕ ತ್ಯಾಜ್ಯದ ಡಬ್ಬಿಗೆ ಹಾಕಿ, ಮೇಲೆ "ಅಜೈಡ್ ಇದೆ" ಎಂದು ಕನ್ನಡದಲ್ಲೇ ಬರೆದಿಡಿ, ಅದನ್ನು ಎತ್ತಿ ಒಯ್ಯುವವರಿಗೆ ಓದಲು ಬರಬೇಕು.